ಹಾಸಿಗೆಯ ಬಾಣಂತನ

"ಯಾವಳೇ ಅವಳು, ನನ್ನ ಹಾಸಿಗೆ ಇಟ್ಟಿರೋ ಮನೇಲಿ ಒಣಮೀನು ಸುಟ್ಟ ಮುಂಡೆ? ಬಾರೇ ಮುಂದಕ್ಕೆ!"

ಅಂಗಳದ ನಡುವೆ ನಿಂತು ನೀಲಕಂಠಪ್ಪ ಕೂಗುತ್ತಿದ್ದರು. ಅವರ ಕೈಯಲ್ಲಿ ಎಳೆಮಕ್ಕಳ ಪುಟ್ಟ ಹಾಸಿಗೆಯೊಂದು ಸತ್ತ ಹೆಗ್ಗಣದ ಹಾಗೆ ನೇತಾಡುತ್ತಿತ್ತು. ಎರಡೇ ಬೆರಳಲ್ಲಿ ಅದರ ಮೂಲೆ ಹಿಡಿದು, ಮೈಗೆ ತಾಗದಂತೆ ದೂರ ಚಾಚಿದ್ದರು. ಹಾಸಿಗೆಯ ಮೇಲೆಲ್ಲ ಆನೆಮರಿಗಳ ಚಿತ್ರ, ಒಂದು ಮೂಲೆಯಲ್ಲಿ ಹಸಿರು ಎಲೆ, ಅದರ ಕೆಳಗೆ 'ಕೆಮಿಕಲ್ ಫ್ರೀ' ಎಂಬ ಬರಹ. ಜಯನಗರದ ಯಾರೋ ಮೇಡಂ ಕೊಂಡುಹೋಗಿ ತೊಟ್ಟಿಲಿಗೆ ಹಾಸಿ, ಮರುದಿನವೇ ಮೂಗು ಮುಚ್ಚಿಕೊಂಡು ವಾಪಸ್ ತಂದಿದ್ದರಂತೆ.

ನಾವು ಆರು ಮನೆಯ ಹೆಂಗಸರು ಸಾಲಾಗಿ ನಿಂತೆವು. ನಿಲ್ಲುವುದು ನಮಗೆ ಒಳ್ಳೆಯ ಅಭ್ಯಾಸ. ನೀರಿಗೆ ನಿಲ್ಲುತ್ತೇವೆ, ರೇಷನ್ನಿಗೆ ನಿಲ್ಲುತ್ತೇವೆ, ಬೈಗುಳಕ್ಕೂ ನಿಲ್ಲುತ್ತೇವೆ.

"ಬಾಯಿ ಬಿಡ್ರೇ. ಗಂಟಲಲ್ಲಿ ಮುಳ್ಳು ಸಿಕ್ಕಾಕ್ಕೊಂಡೈತಾ?"

ಅವರು ಹಾಸಿಗೆಯನ್ನು ಮಗುಚಿದರು. ಹಿಂಬದಿಯಲ್ಲಿ ಸೀಮೆಸುಣ್ಣದಿಂದ ನಾಲ್ಕು ಎಂದು ಬರೆದಿತ್ತು. ನಾಲ್ಕು ಅಂದರೆ ನಾಲ್ಕನೇ ಮನೆ. ನಾಲ್ಕನೇ ಮನೆ ಅಂದರೆ ನಾನು.

"ಓಹೋ, ಚೂಡಾಮಣಿ ಮಹಾರಾಣಿಯವರಾ? ಮೀನಿಲ್ದೆ ಅನ್ನ ಇಳಿಯಲ್ವಾ ನಿಂಗೆ?"

"ಮಗೀಗೆ ಹುಷಾರಿರ್ಲಿಲ್ಲ ಯಜಮಾನ್ರೇ. ಏನ್ ಕೊಟ್ರೂ ತಿಂತಿರ್ಲಿಲ್ಲ. ಮೀನು ಬೇಕು ಅಂತ ಹಟ ಮಾಡ್ತು. ಒಂದು ತುಂಡು ಸುಟ್ಟೆ, ಅಷ್ಟೇಯ."

"ಸುಡುವಾಗ ನಾತ ಗೊತ್ತಾಗ್ಲಿಲ್ವೇನೇ ನಿಂಗೆ?"

"ಇಲ್ಲ."

ನಾನು ಹೇಳಿದ್ದು ನಿಜ. ಅವರು ಅದನ್ನು ಕೊಬ್ಬು ಅಂದುಕೊಂಡರು. ಹಾಸಿಗೆಯನ್ನು ನನ್ನ ಮುಖಕ್ಕೆ ಎಸೆದರು. ಫೋಮಿನ ಹಾಸಿಗೆ, ನೋವೇನೂ ಆಗಲಿಲ್ಲ. ಕೆಳಗೆ ಬಿದ್ದದ್ದನ್ನು ಎತ್ತಿ, ಮಣ್ಣು ಕೊಡವಿ, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡೆ. ಕೆಲಸದ ಕೈ, ಸುಮ್ಮನಿರುವುದಿಲ್ಲ.

ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ತಾಯಿ ಜಯದೇವಮ್ಮನವರು ಕೂತಿದ್ದರು. ಹಣೆ ತುಂಬ ವಿಭೂತಿ, ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. ನೀಲಕಂಠಪ್ಪ ಅವರ ಕಡೆ ತಿರುಗಿದರು.

"ಅಮ್ಮ, ನೀನೇ ತಾನೆ ಇದನ್ನ ಮೂಸಿ ಪಾಸ್ ಮಾಡಿದ್ದು?"

"ಆವತ್ತು ನಂಗೆ ನೆಗಡಿ ಆಗಿತ್ತು ಕಣೋ," ಅಂದರು ಜಯದೇವಮ್ಮ. "ಈ ಜನಕ್ಕೆ ಮನೆ ಕೊಡಬೇಡ ಅಂತ ನಾನು ಮೊದ್ಲೇ ಬಡ್ಕೊಂಡೆ."

"ಇವಳ ಮನೇಲಿರೋ ಹಾಸಿಗೆ ಎಲ್ಲ ಈಚೆಗೆ ಹಾಕ್ರೋ," ಎಂದು ನೀಲಕಂಠಪ್ಪ ಶೆಡ್ಡಿನ ಹುಡುಗರಿಗೆ ಹೇಳಿದರು. "ಹಾಸಿಗೆ ಇಡಕ್ಕೂ ಲಾಯಕ್ಕಿಲ್ಲದ ಮನೆ. ಮೂರನೇ ಮನೆಗೆ ಜೋಡ್ಸಿ."

*

ಈ ಹಾಸಿಗೆಗಳ ಕತೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಒಂದು ಮೀನಿನ ತುಂಡಿಗೆ ಇಷ್ಟು ರಂಪವೇ ಎಂದು ನಿಮಗೆ ಅನ್ನಿಸಬಹುದು.

ನೀಲಕಂಠಪ್ಪನವರ ತಾತ ಮುತ್ತಾತಂದಿರು ಜರಗನಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದರು. ಇವರು ಮನೆ ಬೆಳೆಯುತ್ತಾರೆ. ಕನಕಪುರ ರಸ್ತೆಯಿಂದ ಒಳಗೆ ಬಂದರೆ ಕಾಣುವ ಬಾಡಿಗೆ ಕಟ್ಟಡಗಳಲ್ಲಿ ಅರ್ಧ ಅವರವು. ಕಟ್ಟಡ ಕಟ್ಟಲಾಗದೆ ಉಳಿದ ಸೊಟ್ಟ ಜಾಗದಲ್ಲಿ ಒಂದು ಶೆಡ್ಡು, ಅದರ ಹಿಂದೆ ನಮ್ಮ ಆರು ಶೀಟಿನ ಮನೆ. ಶೆಡ್ಡಿನಲ್ಲಿ ಮಕ್ಕಳ ಹಾಸಿಗೆ ತಯಾರಾಗುತ್ತದೆ. ಹಳೇ ಸೋಫಾ, ಹಳೇ ಕಾರಿನ ಸೀಟು, ಇವುಗಳಿಂದ ಕಿತ್ತ ಫೋಮಿನ ಚೂರುಗಳನ್ನು ಪುಡಿ ಮಾಡಿ, ಒತ್ತಿ ಹಲಗೆ ಮಾಡಿ, ಹಲಗೆಗೆ ಹಲಗೆ ಅಂಟಿಸುತ್ತಾರೆ. ಅಂಟಿಗೆ ನಾವು ಸೊಲ್ಯೂಷನ್ ಅನ್ನುತ್ತೇವೆ. ಅದನ್ನು ಪಿಚಕಾರಿಯಲ್ಲಿ ಹೊಡೆಯುವವನು ನನ್ನ ಗಂಡ ದೇವದಾಸ್. ಮೇಲೆ ಆನೆಮರಿಯ ಬಟ್ಟೆ ಹೊಲಿಯುವವರು ನಾವು ಹೆಂಗಸರು. ಹಸಿರು ಎಲೆಯ ಚೀಟಿ ಅಂಟಿಸುವುದು ಮಾತ್ರ ನೀಲಕಂಠಪ್ಪನವರ ಮಗ ಕೈಲಾಸ್. ಅದು ಓದಿದವರ ಕೆಲಸ.

ಹೊಸ ಹಾಸಿಗೆ ಸುಮ್ಮನೆ ಇರುವುದಿಲ್ಲ. ಅದರ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ, ಗಂಟಲು ಉರಿಯುತ್ತದೆ. ಹಾಗೇ ಅಂಗಡಿಗೆ ಕಳಿಸಿದರೆ ಯಾವ ತಾಯಿಯೂ ಕೊಳ್ಳುವುದಿಲ್ಲ. ವಾಸನೆ ಬಿಡಬೇಕಾದರೆ ಕೆಲವು ವಾರ ಎಲ್ಲಾದರೂ ಬಿಚ್ಚಿ ಇಡಬೇಕು. ಇಡುವುದಕ್ಕೆ ಜಾಗ ಬೇಕು. ಜಾಗ ಇದ್ದರೆ ಅದನ್ನು ಬಾಡಿಗೆಗೆ ಕೊಡಬಹುದಲ್ಲ? ನೀಲಕಂಠಪ್ಪ ಎರಡನ್ನೂ ಒಂದೇ ಕಲ್ಲಿನಲ್ಲಿ ಹೊಡೆದರು. ಜಾಗವನ್ನು ನಮಗೆ ಬಾಡಿಗೆಗೆ ಕೊಟ್ಟರು, ಹಾಸಿಗೆಯನ್ನೂ ಅಲ್ಲೇ ಇಟ್ಟರು. ಬಾಡಿಗೆ ಸ್ವಲ್ಪ ಕಮ್ಮಿ. ಗೋಡೆಯುದ್ದಕ್ಕೂ ಸೂರಿನ ತನಕ ಹಾಸಿಗೆ. ಉಳಿದ ಕಡೆ ನಾವು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ.

ಇದಕ್ಕೆ ಹಾಸಿಗೆಯ ಬಾಣಂತನ ಎಂದು ಹೆಸರಿಟ್ಟವಳು ಮೂರನೇ ಮನೆಯ ಸಾಕಮ್ಮ. "ಹೆತ್ತಿದ್ದು ಶೆಡ್ಡು, ಬಾಣಂತನ ನಮ್ದು, ತೊಟ್ಟಿಲು ಜಯನಗರದ್ದು," ಅನ್ನುತ್ತಿದ್ದಳು. ಬಾಣಂತಿಗೆ ಗಾಳಿ ಆಗಬಾರದು, ಈ ಬಾಣಂತಿಗೆ ಗಾಳಿಯೇ ಬೇಕು, ಅಷ್ಟೇ ವ್ಯತ್ಯಾಸ. ಮಳೆ ಬಂದರೆ ಕಿಟಕಿ ಮುಚ್ಚಬೇಕು, ಹಾಸಿಗೆ ಒದ್ದೆಯಾಗುತ್ತದೆ. ಆಗ ಅದು ಬಿಟ್ಟ ಗಾಳಿಯನ್ನು ನಾವೇ ಪೂರ್ತಿ ಕುಡಿಯಬೇಕು.

ಒಂದು ವರ್ಷ ಈ ಮನೆಗಳಲ್ಲಿ ಇದ್ದರೆ ಮೂಗು ಸಾಯುತ್ತದೆ. ಮೊದಲು ಮಲ್ಲಿಗೆಯ ವಾಸನೆ ಹೋಗುತ್ತದೆ, ಆಮೇಲೆ ಸಾರಿನ ಒಗ್ಗರಣೆ. ಕೊನೆಗೆ ಸೊಲ್ಯೂಷನ್ನಿನ ವಾಸನೆಯೂ ಹೋಗುತ್ತದೆ. ಅದು ಹೋದ ದಿನ ನಮಗೆ ಖುಷಿಯಾಗಿತ್ತು, ಮನೆ ಕ್ಲೀನಾಯಿತು ಎಂದುಕೊಂಡಿದ್ದೆವು. ಒಣಮೀನು ಸುಟ್ಟಾಗ ನನಗೆ ಏನೂ ಬರಲಿಲ್ಲ. ಅಮ್ಮ ಊರಿಂದ ಕಳಿಸಿದ ಮೀನು ಹಳೆಯದು, ಅದರ ಜೀವ ಹೋಗಿದೆ ಅಂತಲೇ ತಿಳಿದುಕೊಂಡೆ. ಜೀವ ಹೋದದ್ದು ಮೀನಿನದಲ್ಲ.

ಸತ್ತ ಮೂಗಿನವರು ವಾಸನೆ ಹೋಯಿತೋ ಇಲ್ಲವೋ ಹೇಳಲಾರರು. ಅದಕ್ಕಾಗಿಯೇ ಜಯದೇವಮ್ಮ. ಬೆಳಿಗ್ಗೆ ಪೂಜೆ ಮುಗಿಸಿ ಬಂದು ಹೊಂಗೆ ಮರದ ಕೆಳಗೆ ಕೂರುತ್ತಾರೆ. ನಮ್ಮ ಮನೆಯೊಳಗೆ ಕಾಲಿಡುವುದಿಲ್ಲ, ಮೈಲಿಗೆ. ನಾವು ಒಂದೊಂದೇ ಹಾಸಿಗೆ ತಂದು ಮುಂದೆ ಹಿಡಿಯಬೇಕು. ಅವರು ಬಗ್ಗಿ, ಬಟ್ಟೆಗೆ ಮೂಗು ಒತ್ತಿ, ಎದೆ ತುಂಬ ಎಳೆದುಕೊಳ್ಳುತ್ತಾರೆ. "ಇನ್ನೂ ಐತೆ," ಅಂದರೆ ವಾಪಸ್ ಮನೆಗೆ. "ಹೂಂ, ಕಳ್ಸು," ಅಂದರೆ ಜಯನಗರಕ್ಕೆ. ಹಲವು ವರ್ಷಗಳಿಂದ ಅವರ ಮೂಗಿನ ಮಾತೇ ಕೊನೆ.

ನನ್ನ ಮಗಳು ಮೇಘಶ್ರೀಗೆ ನಾಲ್ಕು ವರ್ಷ. ಈ ಮನೆಗೆ ಬರುವಾಗ ಕಂಕುಳಲ್ಲಿದ್ದಳು. ಕಳೆದ ಮಳೆಗಾಲದಿಂದ ಅವಳ ಎದೆ ಸುಯ್ ಸುಯ್ ಅನ್ನುತ್ತಿತ್ತು. ಮಲಗಿದರೆ ಪಕ್ಕೆಲುಬು ಒಳಗೆ ಹೋಗುತ್ತಿತ್ತು. ಒಂದು ವಾಕ್ಯ ಹೇಳುವುದಕ್ಕೆ ಎರಡು ಮೂರು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ಸರ್ಕಾರಿ ಕ್ಲಿನಿಕ್ಕಿನಲ್ಲಿ ಮೂತಿಗೆ ಹೊಗೆಯ ಮುಖವಾಡ ಹಾಕಿ ಕೂರಿಸಿದರು. ಡಾಕ್ಟರಮ್ಮ ಕೇಳಿದರು, "ಮನೇಲಿ ಪೇಂಟು, ಅಂಟು, ಹೊಗೆ ಏನಾದ್ರೂ ಇದೆಯಾ? ಗಾಳಿ ಬರುತ್ತಾ?"

"ಬತ್ತದೆ ಮೇಡಂ. ಹಾಸಿಗೆಗೆ ಅಂತಲೇ ಕಿಟಕಿ ಮಡಗವ್ರೆ."

"ಮಗುನ ಆ ಮನೆಯಿಂದ ದೂರ ಇಡಿ," ಅಂದರು. ಯಾವ ಮನೆಗೆ ಎಂದು ಅವರು ಹೇಳಲಿಲ್ಲ. ಅವರ ತಪ್ಪಲ್ಲ, ಹೊರಗೆ ಸಾಲು ದೊಡ್ಡದಿತ್ತು.

ನಾನು ನೀಲಕಂಠಪ್ಪನವರ ಬಳಿ ಹೋಗಿ ಕೈಮುಗಿದೆ. ನಮ್ಮ ಮನೆಯ ಹಾಸಿಗೆಗಳನ್ನು ಮಗು ಸುಧಾರಿಸುವ ತನಕವಾದರೂ ಬೇರೆ ಕಡೆ ಇಡಿ ಎಂದೆ. ಅವರು ನಕ್ಕರು.

"ನೋಡಮ್ಮ, ಆ ಮನೆ ಇರೋದು ಹಾಸಿಗೆಗೆ. ನಿಮ್ಮನ್ನ ಮಡಗಿರೋದು ಅದನ್ನ ಕಾಯಕ್ಕೆ ಅಂತ. ಕಷ್ಟ ಆದ್ರೆ ನೀನು ಹೋಗು, ಹಾಸಿಗೆ ಎಲ್ಲಿಗೆ ಹೋಯ್ತದೆ?"

ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ನಾನು ವಾಪಸ್ ಬಂದೆ. ದೇವದಾಸ್, "ಸುಮ್ಕಿರೇ, ಇದನ್ನೂ ಬಿಟ್ರೆ ಎಲ್ಲಿಗೆ ಹೋಗಾನ?" ಅಂದ. ಅವನು ಯಾವಾಗಲೂ ಅದನ್ನೇ ಅನ್ನುತ್ತಾನೆ. ನನಗೆ ಸಿಟ್ಟು ಬರುತ್ತದೆ.

*

ಕೈಮುಗಿದು ಕೇಳಿದಾಗ ಆಗದ್ದು ಮೀನಿನ ಒಂದು ತುಂಡಿನಿಂದ ಆಯಿತು. ಶೆಡ್ಡಿನ ಹುಡುಗರು ನನ್ನ ಮನೆಯ ಹಾಸಿಗೆಗಳನ್ನೆಲ್ಲ ಎತ್ತಿಕೊಂಡು ಹೋದರು. ಹಿಂದಿನ ಗೋಡೆಗೆ ಹಸಿರು ಬಣ್ಣ ಇದೆ ಎಂಬುದು ನನಗೆ ಮರೆತೇಹೋಗಿತ್ತು.

ಎರಡು ದಿನದಲ್ಲಿ ಸುಯ್ ಎನ್ನುವುದು ಕಮ್ಮಿಯಾಯಿತು. ವಾರ ಕಳೆಯುವುದರಲ್ಲಿ ಮೇಘಶ್ರೀ ನಲ್ಲಿಯ ತನಕ ಓಡಿ ವಾಪಸ್ ಬಂದಳು, ಬಂದವಳು ನಿಲ್ಲದೆ ಮತ್ತೆ ಓಡಿದಳು. ಬಾಗಿಲಲ್ಲಿ ಕೂತು ನೋಡಿದೆ. ಕಣ್ಣು ತುಂಬಿ ಬಂತು. ನನ್ನನ್ನು ಶಿಕ್ಷಿಸಿದ್ದಕ್ಕೆ ನೀಲಕಂಠಪ್ಪನವರಿಗೆ ಮನಸ್ಸಿನಲ್ಲೇ ಒಂದು ಕಾಯಿ ಒಡೆದೆ.

ಆ ವಾರದಲ್ಲೇ ಕೈಲಾಸ್ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಜಯನಗರದ ಶೋರೂಮಿಗೆ ಕರೆದುಕೊಂಡು ಹೋದ. ಸೀಟಿನ ಮೇಲೆ ಪೇಪರ್ ಹಾಸಿದ್ದ.

"ನೋಡಕ್ಕ, ಹಾಸಿಗೆ ರಿಟರ್ನ್ ಮಾಡಿದ ಮೇಡಂ ಬರ್ತಾರೆ. ನೀನು ಸಾರಿ ಕೇಳ್ಬೇಕು. ಅವ್ರು ಆನ್‌ಲೈನಲ್ಲಿ ಏನಾದ್ರೂ ಬರೆದುಬಿಟ್ರೆ ನಮ್ಮ ಕತೆ ಗೋವಿಂದ. ಬೇರೇನೂ ಮಾತಾಡ್ಬೇಡ. ಸಾರಿ, ಅಷ್ಟೇ."

ಶೋರೂಮು ತಣ್ಣಗಿತ್ತು. ನಮ್ಮ ಮನೆಯಲ್ಲಿ ಬಾಣಂತನ ಮಾಡಿಸಿಕೊಂಡ ಹಾಸಿಗೆಗಳು ಇಲ್ಲಿ ದೀಪದ ಕೆಳಗೆ ತೊಟ್ಟಿಲ ಶಾಸ್ತ್ರಕ್ಕೆ ಕೂತ ಹಾಗೆ ಕೂತಿದ್ದವು. ಗೋಡೆಯ ಮೇಲೆ ದುಂಡು ಮುಖದ ಮಗುವೊಂದು ನಿದ್ದೆ ಮಾಡುತ್ತಿರುವ ದೊಡ್ಡ ಫೋಟೊ. ಏನನ್ನೂ ಮುಟ್ಟಬೇಡ ಎಂದು ಹೇಳಿ ಕೈಲಾಸ್ ನನ್ನನ್ನು ಬಾಗಿಲ ಪಕ್ಕ ನಿಲ್ಲಿಸಿದ. ಅಲ್ಲಿದ್ದದ್ದರಲ್ಲಿ ನಾವು ಹೊಲಿಯದ ಹಾಸಿಗೆ ಇರಲಿಲ್ಲ.

ಮೇಡಂ ಹೆಸರು ಹೇಮಶ್ರೀ. ಒಳ್ಳೆಯ ಮುಖ. ಎದೆಗೆ ಚೀಲದಲ್ಲಿ ಕಟ್ಟಿಕೊಂಡ ಕೂಸು ಅವರ ಸರ ಕಚ್ಚುತ್ತಿತ್ತು.

"ತಪ್ಪಾಯ್ತು ಮೇಡಂ," ಅಂದೆ.

"ಅಯ್ಯೋ, ಪರವಾಗಿಲ್ಲಮ್ಮ. ನೀವು ಏನ್ ತಿಂತೀರೋ ನಿಮ್ಮಿಷ್ಟ. ಆದ್ರೆ ನಾವು ಪ್ಯೂರ್ ವೆಜ್ಜು. ಮಗು ಎಲ್ಲಾನೂ ಬಾಯಿಗೆ ಹಾಕ್ಕೊಳ್ಳುತ್ತೆ, ನೋಡಿ. ನಮ್ಮತ್ತೆಯಂತೂ ತೊಟ್ಟಿಲನ್ನೇ ತೊಳೆಸಿಬಿಟ್ರು." ಅವರು ಕೈಲಾಸನ ಕಡೆ ತಿರುಗಿದರು. "ಒಂದು ಒಪ್ಕೋಬೇಕು. ಕೆಮಿಕಲ್ ವಾಸನೆ ಒಂಚೂರೂ ಇರ್ಲಿಲ್ಲ. ಬೇರೆ ಬ್ರ್ಯಾಂಡ್‌ದು ತಂದಾಗ ತಲೆನೋವು ಬರೋದು."

"ಝೀರೋ ಕೆಮಿಕಲ್ ಮೇಡಂ," ಅಂದ ಕೈಲಾಸ್.

"ಕೆಮಿಕಲ್ಲು ನಮ್ಮನೇಲೈತೆ ಮೇಡಂ," ಅಂದೆ ನಾನು.

ಇಬ್ಬರೂ ನನ್ನನ್ನು ನೋಡಿದರು.

"ಅಂಟಿನ ವಾಸ್ನೆ ಓಗೋಗಂಟ ಹಾಸಿಗೆ ನಮ್ಮನೇಲೇ ಇಡೋದು. ನಮ್ಮ ಮಕ್ಕಳು ಅದ್ರ ಪಕ್ಕದಲ್ಲೇ ಮನಗೋದು. ನನ್ನ ಮಗಳಿಗೆ ಉಸಿರು ಕಟ್ತದೆ. ವಾಸ್ನೆ ಓಯ್ತು ಅಂದ್ರೆ ಅಂಟು ಓಯ್ತು ಅಂತಲ್ಲ ಮೇಡಂ. ನಿಮ್ಮ ಕೂಸು ಅದನ್ನ ಚೀಪ್ತದೆ."

ಹೇಮಶ್ರೀ ಮೇಡಂ ಕೂಸಿನ ಬಾಯಿಂದ ಸರ ಬಿಡಿಸಿದರು. ಒಂದು ಕ್ಷಣ ಅವರ ಕಣ್ಣಲ್ಲಿ ಏನೋ ಬಂದು ನಿಂತಿತು. ಈಗ ಕೇಳುತ್ತಾರೆ ಎಂದುಕೊಂಡೆ.

ಕೈಲಾಸ್ ನಕ್ಕ. "ಪಾಪ ಮೇಡಂ, ಇವರ ಮಗೂಗೆ ಹುಷಾರಿಲ್ಲ. ಟೆನ್ಷನ್ನಲ್ಲಿ ಏನೇನೋ ಹೇಳ್ತಾರೆ. ಸರ್ಟಿಫಿಕೇಟ್ ವಾಟ್ಸಾಪ್ ಮಾಡ್ತೀನಿ, ನೋಡಿ. ನಿಮಗೆ ಫ್ರೆಶ್ ಪೀಸ್ ಫ್ರೀ ಆಗಿ ಕೊಡ್ತೀನಿ."

"ಓ, ಹೌದಾ? ಪಾಪ," ಅಂದರು ಮೇಡಂ. ಕಾರಿನಿಂದ ತಮ್ಮ ಕೂಸಿಗೆ ಚಿಕ್ಕದಾದ ಬಟ್ಟೆಗಳ ಒಂದು ಕವರ್ ತಂದು ನನ್ನ ಕೈಗಿಟ್ಟರು. "ನಿಮ್ಮ ಮಗೂಗೆ ಹಾಕಿ." ಆ ಬಟ್ಟೆ ಮೇಘಶ್ರೀಯ ಮೊಣಕೈಗೂ ಬರುತ್ತಿರಲಿಲ್ಲ. ನಾನು ತೆಗೆದುಕೊಂಡೆ.

ವಾಪಸ್ ಬರುವಾಗ ಕೈಲಾಸ್ ಕಾರಿನಲ್ಲಿ ಕೂರಿಸಲಿಲ್ಲ. ನಡೆದುಕೊಂಡು ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಉಸಿರು ಕಟ್ಟುತ್ತದೆ ಅಂದದ್ದನ್ನು ಆ ತಾಯಿ ಕೇಳಿಸಿಕೊಳ್ಳಲಿಲ್ಲ. ಮೀನನ್ನು ಮಾತ್ರ ಕೇಳಿಸಿಕೊಂಡಿದ್ದರು.

*

ಮನೆಗೆ ಬಂದಾಗ ಸಾಕಮ್ಮ ಮೊಮ್ಮಗನ ಬೆನ್ನು ತಟ್ಟುತ್ತಾ ಅಂಗಳದಲ್ಲಿ ಕೂತಿದ್ದಳು. ನನ್ನ ಮನೆಯ ಹಾಸಿಗೆಗಳು ಈಗ ಅವಳ ಮನೆಯಲ್ಲಿದ್ದವು. ಹುಡುಗ ಕೆಮ್ಮಿ ಕೆಮ್ಮಿ ಬಾಡಿಹೋಗಿದ್ದ.

"ನಿನ್ನ ಮಗೀಗೆ ಈಗ ಪರ್ವಾಗಿಲ್ವಾ?" ಎಂದು ಕೇಳಿದಳು.

"ಪರ್ವಾಗಿಲ್ಲ ಕಣಕ್ಕ."

"ಸರಿ ಬುಡು. ಅದು ಇಲ್ಲಿಗೆ ಬಂತು."

ಕೊಂಕಿಲ್ಲದೆ ಹೇಳಿದಳು. ಅದಕ್ಕೇ ಹೆಚ್ಚು ಚುಚ್ಚಿತು. ಅವಳ ಪಕ್ಕ ಕೂತೆ. ಅವಳೇ ಬೇರೆ ಮಾತು ತೆಗೆದಳು. ನೀಲಕಂಠಪ್ಪನವರ ದೊಡ್ಡಮನೆಯ ಹಿತ್ತಿಲಲ್ಲಿ ಪಾತ್ರೆ ಉಜ್ಜುವವಳು ಅವಳೇ.

"ಇವತ್ತು ಅವ್ರ ಮನೇಲಿ ಹಾಲು ಸೀದು ಪಾತ್ರೆ ಕರಕಲಾಗೋಗಿತ್ತು. ಜಯದೇವಮ್ಮಾರು ಪಕ್ಕದಲ್ಲೇ ಕೂತು ಹೂ ಕಟ್ತಾವ್ರೆ, ಕಮಕ್ ಕಿಮಕ್ ಅಂದಿಲ್ಲ. ನಾನು ಹಿತ್ಲಿಂದ ಹೊಗೆ ನೋಡಿ ಕೂಗ್ಬೇಕಾಯ್ತು."

"ವಯಸ್ಸಾಯ್ತಲ್ಲಕ್ಕ," ಅಂದೆ. ಇಬ್ಬರೂ ನಕ್ಕೆವು.

ಆ ನಗು ಬಹಳ ದಿನ ಉಳಿಯಲಿಲ್ಲ. ಬನಶಂಕರಿಯ ಕಡೆ ಹೊಸದಾಗಿ ತೆರೆಯುವ ಶಿಶುವಿಹಾರವೊಂದರಿಂದ ಕೈಲಾಸನಿಗೆ ದೊಡ್ಡ ಆರ್ಡರ್ ಬಂತು. ಮಕ್ಕಳು ಮಧ್ಯಾಹ್ನ ಮಲಗುವುದಕ್ಕೆ ಹಾಸಿಗೆ, ಎಲ್ಲಕ್ಕೂ ನಕ್ಷತ್ರದ ಬಟ್ಟೆ. ದೇವದಾಸ್ ಬಿಡುವಿಲ್ಲದೆ ಸೊಲ್ಯೂಷನ್ ಹೊಡೆದ. ಹಾಸಿಗೆ ಇಡುವುದಕ್ಕೆ ಐದು ಮನೆ ಸಾಲಲಿಲ್ಲ. ಆಗ ನೀಲಕಂಠಪ್ಪನವರಿಗೆ ನಾಲ್ಕನೇ ಮನೆ ನೆನಪಾಯಿತು. ನನ್ನ ಹಸಿರು ಗೋಡೆ ಮತ್ತೆ ಹಾಸಿಗೆಯ ಹಿಂದೆ ಸೇರಿತು.

ಲಾಯಕ್ಕಿಲ್ಲದ ಮನೆಯನ್ನು ಲಾಯಕ್ಕು ಮಾಡಬೇಕಲ್ಲ. ಪೂಜಾರಿ ಸಿದ್ದಲಿಂಗಯ್ಯನವರನ್ನು ಕರೆಸಿದರು. ಅವರು ಬಾಗಿಲ ಆಚೆಯೇ ನಿಂತು ಗಂಜಲ ಚಿಮುಕಿಸಿದರು. ಒಳಗೆ ಪೇರಿಸಿದ್ದ ಹಾಸಿಗೆಗಳಿಗೆ ಒಂದಿಷ್ಟು ಭಸ್ಮ ಎರಚಿದರು. ಮಗಳಿಗೂ ಒಂದು ಚಿಟಿಕೆ ಕೊಡಿ ಸ್ವಾಮಿ, ಉಸಿರು ಕಟ್ಟುತ್ತೆ ಎಂದು ನಾನು ಕೈ ಚಾಚಿದೆ.

"ದೂರ, ದೂರ. ಅಲ್ಲಿ ಕೆಳಗೆ ಬಿದ್ದೈತಲ್ಲ, ಅದನ್ನೇ ಹಚ್ಚು," ಅಂದರು.

ಆಮೇಲೆ ನೀಲಕಂಠಪ್ಪ ನಮ್ಮನ್ನೆಲ್ಲ ಅಂಗಳಕ್ಕೆ ಕರೆದರು. ಆರ್ಡರ್ ಹೋಗುವ ತನಕ ಯಾವ ಮನೆಯಲ್ಲೂ ಮೀನು, ಮಾಂಸ, ಮೊಟ್ಟೆ ಕೂಡದು. ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಅವರವರ ಮಕ್ಕಳ ತಲೆ ಮುಟ್ಟಿ ಆಣೆ ಮಾಡಬೇಕು. ಹೆಂಗಸರು ಒಬ್ಬೊಬ್ಬರೇ ಮುಟ್ಟಿದರು. ಸಾಕಮ್ಮ ಮೊಮ್ಮಗನ ತಲೆ ಮುಟ್ಟುವಾಗ ಹುಡುಗ ಕೆಮ್ಮಿದ, ಅವಳ ಕೈ ಜಾರಿತು. ಇನ್ನೊಂದು ಸಲ ಮುಟ್ಟಿಸಿದರು.

ನನ್ನ ಸರದಿ ಬಂತು. ಹಾಸಿಗೆ ಮನೆಗೆ ಬಂದು ಮೂರೇ ದಿನವಾಗಿತ್ತು. ಮೇಘಶ್ರೀಯ ಎದೆ ಆಗಲೇ ಹಳೇ ರಾಗ ಶುರು ಮಾಡಿತ್ತು. ಅವಳ ತಲೆಯ ಮೇಲೆ ಕೈಯಿಟ್ಟೆ. ಅಂಗೈಗೆ ಅವಳ ಏದುಸಿರಿನ ಅದುರು ತಾಗುತ್ತಿತ್ತು.

"ಹೇಳೇ," ಅಂದರು ನೀಲಕಂಠಪ್ಪ.

"ನನ್ನ ಮಗೀಗೆ ಒಳ್ಳೇದಾಗೋದನ್ನೇ ಮಾಡ್ತೀನಿ. ನನ್ನ ಮಗಳಾಣೆ."

"ಹಾಂ, ಅದು ಮಾತು," ಎಂದು ಅವರು ತಲೆಯಾಡಿಸಿದರು. ದೇವರ ಮುಂದೆ ನಾನು ಒಂದು ಸುಳ್ಳೂ ಹೇಳಲಿಲ್ಲ.

*

ಕೆಲವು ವಾರದ ಮೇಲೆ ಆರ್ಡರ್ ಕಳಿಸುವ ದಿನ ಬಂತು. ಟೆಂಪೋ ಸಂಜೆಗೆ ಬರುವುದೆಂದು ಗೊತ್ತಾಗಿತ್ತು. ಬೆಳಿಗ್ಗೆ ಜಯದೇವಮ್ಮ ಹೊಂಗೆ ಮರದ ಕೆಳಗೆ ಕೂತು ಎಲ್ಲ ಹಾಸಿಗೆಗಳನ್ನೂ ಮೂಸಿ ಪಾಸ್ ಮಾಡಿದ್ದರು. ಒಂದನ್ನೂ ವಾಪಸ್ ಕಳಿಸಲಿಲ್ಲ. ಹಿಂದೆಂದೂ ಹಾಗಾಗಿರಲಿಲ್ಲ. ಪಾಸಾದವನ್ನು ಸಂಜೆಯ ತನಕ ಇಡಲು ಮತ್ತೆ ನಮ್ಮ ಮನೆಗಳಿಗೇ ಪೇರಿಸಿದೆವು.

ಮಧ್ಯಾಹ್ನ ಊಟಕ್ಕೆ ಬಂದ ದೇವದಾಸನಿಗೆ ಹೇಳಿದೆ, "ಮಕ್ಕಳನ್ನೆಲ್ಲ ಪಾರ್ಕಿಗೆ ಕರ್ಕೊಂಡೋಗು. ಕತ್ತಲಾಗೋಕ್ ಮುಂಚೆ ಬಾ."

"ಯಾಕೆ?"

ಸಾರಕ್ಕಿ ಮಾರ್ಕೆಟ್ಟಿನಿಂದ ತಂದ ಒಣಮೀನಿನ ಪೊಟ್ಟಣವನ್ನು ತೋರಿಸಿದೆ. ಅವನು ಪೊಟ್ಟಣ ನೋಡಿದ. ಮಗಳ ಪಕ್ಕೆಲುಬು ನೋಡಿದ. ಎಲ್ಲಿಗೆ ಹೋಗಾನ ಎಂದು ಕೇಳಲಿಲ್ಲ. ಸಾಕಮ್ಮನ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು, ಉಳಿದವರನ್ನು ಹಿಂದೆ ಕಟ್ಟಿಕೊಂಡು ಹೋದ. ಮದುವೆಯಾದ ಮೇಲೆ ಅವನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಉಳಿದ ಐದು ಮನೆಯವರ ಜೊತೆ ಮೊದಲೇ ಮಾತಾಗಿತ್ತು; ಆಣೆಗಿಂತ ಮಕ್ಕಳ ಕೆಮ್ಮಿಗೇ ಅವರೂ ಹೆಚ್ಚು ಹೆದರಿದ್ದರು. ಆರು ಮನೆಯ ಕಿಟಕಿ ಮುಚ್ಚಿದೆವು. ಆರು ಕಾವಲಿ ಒಲೆಗೆ ಏರಿದವು.

"ಬಾಣಂತನ ಅಂದ್ಮೇಕೆ ಹೊಗೆ ಹಾಕ್ದೆ ಇದ್ರೆ ಆಯ್ತದಾ?" ಎಂದು ಸಾಕಮ್ಮ ಗೋಡೆಯಾಚೆಯಿಂದ ಕೂಗಿದಳು. ಹೌದಲ್ಲ, ಬಾಣಂತಿಗೂ ಕೂಸಿಗೂ ಸಾಂಬ್ರಾಣಿ ಹೊಗೆ ಹಿಡಿಯದೆ ಯಾವ ಬಾಣಂತನ? ಮೀನು ಚಟಪಟ ಅಂದಿತು, ಸೀದು ಕರಕಲಾಯಿತು. ಹೊಗೆ ಎದ್ದು ಹಾಸಿಗೆಗಳ ಸಂದಿ ಸಂದಿಗೆ ನುಗ್ಗಿತು. ನಮಗೆ ಕಣ್ಣು ಉರಿಯಿತು, ಕೆಮ್ಮು ಬಂತು. ವಾಸನೆ ಮಾತ್ರ ಬರಲಿಲ್ಲ.

"ಹತ್ತೈತೋ ಇಲ್ವೋ ಹೆಂಗೆ ಗೊತ್ತಾಗೋದು?" ಎಂದು ಎರಡನೇ ಮನೆಯವಳು ಕೇಳಿದಳು. ಅದೂ ಸರಿಯೇ. ಆರು ಮನೆಯಲ್ಲಿ ಒಂದು ಜೀವಂತ ಮೂಗಿರಲಿಲ್ಲ.

ಬಾಗಿಲು ತೆರೆದೆವು. ಮೊದಲು ಶೆಡ್ಡಿನ ಕರಿ ಬೆಕ್ಕು ಬಂತು. ಆಮೇಲೆ ದೊಡ್ಡಮನೆಯ ಬಿಳಿ ಬೆಕ್ಕು. ಆಮೇಲೆ ನಾವು ಎಂದೂ ನೋಡದ ಬೆಕ್ಕುಗಳು ಕಾಂಪೌಂಡಿನ ಮೇಲೆ ಸಾಲು ಹಿಡಿದು ಬಂದವು. ನಕ್ಷತ್ರದ ಹಾಸಿಗೆಗಳ ಮೇಲೆ ಹತ್ತಿ ಕೂತು ಮುಖ ಉಜ್ಜತೊಡಗಿದವು. ಮೂಗಿಲ್ಲದವರು ಬೆಕ್ಕನ್ನು ನಂಬಬೇಕು. ನಾವು ತಟ್ಟೆಗೆ ಅನ್ನ ಹಾಕಿಕೊಂಡೆವು.

ಟೆಂಪೋ ಬಂದಾಗ ಕೈಲಾಸ್ ಗೇಟಿನಲ್ಲೇ ನಿಂತುಬಿಟ್ಟ. ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡ. "ಅಪ್ಪಾ," ಅಂದ, ಚಿಕ್ಕ ಹುಡುಗನ ಹಾಗೆ. ನೀಲಕಂಠಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು.

"ಯಾವಳೇ ಅದು? ಯಾವಳೇ?"

ನಾವು ಆರೂ ಜನ ಸಾಲಾಗಿ ನಿಂತೆವು. ಈ ಸಲ ಕೈಯಲ್ಲಿ ತಟ್ಟೆ ಇತ್ತು. ಉಣ್ಣುತ್ತಾ ನಿಂತೆವು.

"ಎಲ್ಲಾನೂ ಈಚೆಗೆ ಎಸೀರೋ!" ಎಂದು ಅ‍ವರು ಶೆಡ್ಡಿನವರಿಗೆ ಕೂಗಿದರು. ಹಾಸಿಗೆಗಳು ಒಂದೊಂದೇ ಅಂಗಳಕ್ಕೆ ಬಂದು ಬಿದ್ದವು, ಜೊತೆಗೆ ಬೆಕ್ಕುಗಳೂ. ಆರು ಮನೆಯೂ ಖಾಲಿಯಾಯಿತು. ನೀಲಕಂಠಪ್ಪನವರ ಬಾಯಲ್ಲಿ ನಮ್ಮ ಅಮ್ಮ, ಅಕ್ಕ, ಜಾತಿ, ಕುಲ ಎಲ್ಲ ಬಂದು ಹೋದವು.

"ಮಗಳ ತಲೆ ಮುಟ್ಟಿ ಆಣೆ ಮಾಡಿದ್ಯಲ್ಲೇ, ಬೋಳಿ!"

"ಮಾಡಿದ್ದೆ. ಅವಳಿಗೆ ಒಳ್ಳೇದಾಗೋದನ್ನೇ ಮಾಡ್ತೀನಿ ಅಂದಿದ್ದೆ. ಮಾಡಿವ್ನಿ."

"ನಾಳೆ ಬೆಳಿಗ್ಗೆ ಆರು ಮನೇನೂ ಖಾಲಿ ಮಾಡ್ಬೇಕು."

"ನಾವು ಹೋದ್ರೆ ಹಾಸಿಗೆ ಕಾಯೋರು ಯಾರು?" ಎಂದು ಸಾಕಮ್ಮ ಬೆರಳು ಚೀಪುತ್ತಾ ಕೇಳಿದಳು.

ಅಷ್ಟರಲ್ಲಿ ದೇವದಾಸ್ ಮಕ್ಕಳನ್ನು ಕರೆದುಕೊಂಡು ಬಂದ. ಮೇಘಶ್ರೀ ಓಡಿ ಬಂದು ನನ್ನ ಸೆರಗು ಹಿಡಿದುಕೊಂಡಳು.

ಕೈಲಾಸ್ ತಂದೆಯ ಕಿವಿಯಲ್ಲಿ ಏನೋ ಹೇಳಿದ. ನಾಳೆಗೆ ಶಿಶುವಿಹಾರದ ಪೂಜೆ, ಅರ್ಧದಷ್ಟಾದರೂ ಹಾಸಿಗೆ ಹೋಗಲೇಬೇಕು. ಅಡಿಯಲ್ಲಿದ್ದವಕ್ಕೆ ಹೊಗೆ ತಾಗಿರಲಾರದು. ಯಾವುದು ಕೆಟ್ಟಿದೆ, ಯಾವುದು ಉಳಿದಿದೆ ಎಂದು ಆರಿಸುವುದಕ್ಕೆ ಅಜ್ಜಿಯೇ ಬೇಕು.

ಜಯದೇವಮ್ಮನವರನ್ನು ಕುರ್ಚಿ ಸಮೇತ ಅಂಗಳಕ್ಕೆ ತಂದರು. ಒಂದು ಹಾಸಿಗೆಯನ್ನು ಮುಂದೆ ಹಿಡಿದರು. ಅವರು ಬಗ್ಗಿ, ಮೂಗು ಒತ್ತಿ, ಎದೆ ತುಂಬ ಎಳೆದುಕೊಂಡರು.

"ಹೂಂ, ಕಳ್ಸು."

ನೀಲಕಂಠಪ್ಪನವರ ಮುಖ ಅರಳಿತು. ಆ ಹಾಸಿಗೆಯನ್ನು ತಾವೇ ಕೈಗೆ ತೆಗೆದುಕೊಂಡು ಮೂಗಿನ ಬಳಿ ತಂದರು. ಓಕರಿಕೆ ಬಂತು. ಕೆಳಗೆ ಹಾಕಿದರು. ಇನ್ನೊಂದನ್ನು ಹಿಡಿದರು. ಅದರ ಮೇಲೆ ಕರಿ ಬೆಕ್ಕು ಕೂತಿತ್ತು. ಅದನ್ನು ಓಡಿಸಿ ಜಯದೇವಮ್ಮ ಮೂಸಿದರು.

"ಇದೂ ಚೆನ್ನಾಗೈತೆ. ಬೆಳಿಗ್ಗೆನೇ ಹೇಳಿದ್ನಲ್ಲೋ. ಏನು ಗಲಾಟೆ ನಿಮ್ದು?"

"ಅಮ್ಮ, ಸರ್ಯಾಗಿ ಮೂಸು."

"ಮೂಸ್ದೆ ಕಣೋ. ಏನೂ ಇಲ್ಲ."

ಸಾಕಮ್ಮ ನನ್ನ ಮುಖ ನೋಡಿದಳು. ಸೀದ ಹಾಲು ನೆನಪಾಯಿತು. ಅಷ್ಟು ವರ್ಷ ಒಂದೊಂದೇ ಹಾಸಿಗೆಗೆ ಮೂಗು ಒತ್ತಿ ಎಳೆದುಕೊಂಡದ್ದು ಎಲ್ಲಿಗೆ ಹೋಗುತ್ತದೆ? ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕಾಲು ತಾನಾಗಿ ಮುಂದೆ ಹೋಯಿತು. ನಮ್ಮಲ್ಲಿ ಯಾರೂ ಆ ಕುರ್ಚಿಗೆ ಅಷ್ಟು ಹತ್ತಿರ ಹೋದದ್ದಿಲ್ಲ. ನನ್ನ ತಟ್ಟೆಯನ್ನು, ಅದರಲ್ಲಿದ್ದ ಸುಟ್ಟ ಮೀನನ್ನು, ಜಯದೇವಮ್ಮನವರ ಮೂಗಿನ ಕೆಳಗೆ ಹಿಡಿದೆ.

ಯಾರೂ ನನ್ನನ್ನು ತಡೆಯಲಿಲ್ಲ. ನೀಲಕಂಠಪ್ಪ ಕೂಡ.

ಅವರು ಕನ್ನಡಕ ಸರಿಮಾಡಿಕೊಂಡು ತಟ್ಟೆಯೊಳಗೆ ಇಣುಕಿದರು. ಉಸಿರು ಎಳೆದರು. ಇನ್ನೊಂದು ಸಲ ಎಳೆದರು.

"ಏನೇ ಅದು? ಹಪ್ಪಳವಾ?"

ಉತ್ತರ ಕೊಟ್ಟವಳು ಮೇಘಶ್ರೀ. ಓಡಿ ಬಂದಿದ್ದಳಲ್ಲ, ಎದೆ ಇನ್ನೂ ಸುಯ್ ಅನ್ನುತ್ತಿತ್ತು. ಅರ್ಧ ಹೇಳಿ, ಉಸಿರು ತೆಗೆದುಕೊಂಡು, ಇನ್ನರ್ಧ ಹೇಳಿದಳು.

"ಹಪ್ಪಳ ಅಲ್ಲ ಅಜ್ಜಿ, ಮೀನು. ನಿಂಗೂ ವಾಸ್ನೆ ಬರಲ್ವಾ?"